ಕೇಪಳದ ಎಲೆ ಹಳದಿಯಾದರೆ ಗೊಬ್ಬರ ಬಿಡಿ, ಮೊದಲು ನೀರು ನೋಡಿ

ಊರಿಂದ ತಂದ ಕೇಪಳ (ನರ್ಸರಿಯವರು ಇಕ್ಸೋರಾ ಅನ್ನುವ, ಕೆಂಪು ಹೂಗೊಂಚಲಿನ ಗಿಡ) ಆಗಲಿ, ನರ್ಸರಿಯಿಂದ ತಂದದ್ದಾಗಲಿ, ಮೊದಲ ಆರು ತಿಂಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ದಿನ ನೋಡಿದರೆ ತುದಿಯ ಎಲೆಗಳು ಬಿಳಿಚಿಕೊಂಡಿರುತ್ತವೆ. ಮುಂದಿನ ತಿಂಗಳು ಹಳದಿ. ಅದರ ಮುಂದಿನ ತಿಂಗಳು ಅಂಚು ಸುಟ್ಟ ಹಾಗೆ ಕಂದು. ಬೆಂಗಳೂರಿನಲ್ಲಿ ಕೇಪಳ ಸಾಕುವ ನನ್ನ ಪರಿಚಯದವರಲ್ಲಿ ಮುಕ್ಕಾಲು ಪಾಲು ಜನ ಹೇಳುವ ದೂರು ಇದೇ. ಎಲ್ಲರೂ ಮಾಡುವ ಮೊದಲ ಕೆಲಸವೂ ಒಂದೇ, ಒಂದು ಹಿಡಿ ಗೊಬ್ಬರ ಹಾಕುವುದು. ನಾನೂ ಅದನ್ನೇ ಮಾಡಿದೆ. ಎರಡು ವರ್ಷ ತಪ್ಪು ಜಾಗದಲ್ಲಿ ಹುಡುಕಿ, ಎರಡು ಗಿಡ ಕಳೆದುಕೊಂಡು, ಮೂರನೆಯದನ್ನು ಉಳಿಸಿಕೊಂಡೆ. ಆ ದಾರಿಯಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಗಿಡದ ಪಕ್ಕ ಕೂತು, ಎಲೆ ಕೈಯಲ್ಲಿ ಹಿಡಿದುಕೊಂಡು ಓದಿ.

ನನ್ನದು ಹೊನ್ನಾವರದ ಕಡೆ. ಅಲ್ಲಿ ಕೇಪಳ ಅಂದರೆ ಯಾರೂ ನೆಟ್ಟದ್ದಲ್ಲ. ಬೇಣದಲ್ಲಿ (ಹುಲ್ಲು ಬೆಳೆಯುವ ಗುಡ್ಡದಲ್ಲಿ), ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ಸಂದಿಯಲ್ಲಿ, ದನ ಮೇಯುವ ದಾರಿಯ ಬದಿಯಲ್ಲಿ ತಾನಾಗಿ ಎದ್ದಿರುತ್ತದೆ. ಕೆಲವು ಕಡೆ ಕಿಸ್ಕಾರ ಅನ್ನುತ್ತಾರೆ, ಕೆಲವರಿಗೆ ಗುಡ್ಡೆದಾಸವಾಳ. ಹೂವನ್ನು ಹಿಂದಿನಿಂದ ಹಿಡಿದು ಒಳಗಿನ ದಾರ ಎಳೆದರೆ ತುದಿಯಲ್ಲಿ ಒಂದು ಹನಿ ಸಿಹಿ ಬರುತ್ತದಲ್ಲ, ಅದನ್ನು ಚೀಪದೆ ಶಾಲೆಗೆ ಹೋದ ದಿನ ನನಗೆ ನೆನಪಿಲ್ಲ. ದೇವಿಗೆ ಹೂವು, ಊಟಕ್ಕೆ ತಂಬುಳಿ, ಮಕ್ಕಳಿಗೆ ಕಪ್ಪಗಾದ ಹಣ್ಣು. ಇಂಥ ಗಿಡ ಕುಂಡದಲ್ಲಿ ಒದ್ದಾಡುವುದನ್ನು ನೋಡಿದಾಗ ನಿಜವಾಗಿ ಸಂಕಟವಾಗುತ್ತದೆ. ಆಯಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು, "ಬೇಣದಲ್ಲಿ ಅದಕ್ಕೆ ಯಾರು ಗೊಬ್ಬರ ಹಾಕ್ತಾರೆ?" ಆ ಮಾತಿನ ಅರ್ಥ ಆಗಲು ನನಗೆ ಬಹಳ ದಿನ ಬೇಕಾಯಿತು.

ನಿಮ್ಮ ಹತ್ತಿರ ಇರುವುದು ಯಾವ ಕೇಪಳ?

ಇದನ್ನು ಬೇಗ ಮುಗಿಸೋಣ. ನರ್ಸರಿಯಲ್ಲಿ ಇಕ್ಸೋರಾ ಎಂದು ಕೊಡುವುದೆಲ್ಲ ನಮ್ಮ ಕಾಡಿನ ಕೇಪಳ ಅಲ್ಲ. ನಮ್ಮದು ಇಕ್ಸೋರಾ ಕಾಕ್ಸಿನಿಯಾ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಇದರ ಎಲೆಗೆ ತೊಟ್ಟು ಇಲ್ಲ ಅನ್ನುವಷ್ಟು ಚಿಕ್ಕದು, ಎಲೆಯ ಬುಡ ಅಗಲವಾಗಿ ಕಾಂಡವನ್ನು ತಬ್ಬಿಕೊಂಡ ಹಾಗಿರುತ್ತದೆ. ಹೂವಿಗೆ ನಾಲ್ಕು ಎಸಳು, ತುದಿ ಚೂಪು. ಎಸಳು ದುಂಡಗಿದ್ದು ಎಲೆಯ ಬುಡ ಕಿರಿದಾಗುತ್ತಾ ಬಂದಿದ್ದರೆ ಅದು ಚೀನಾ ಕಡೆಯ ಇಕ್ಸೋರಾ ಇರಬಹುದು. ಗಿಡ್ಡಕ್ಕೆ, ಪುಟ್ಟ ಎಲೆಯ, ಒತ್ತೊತ್ತಾಗಿ ಬೆಳೆಯುವ ಗಿಡಗಳು ಮಿಶ್ರತಳಿಗಳು. ಇಲ್ಲಿ ಹೇಳುವ ರೋಗಪತ್ತೆ ಎಲ್ಲಕ್ಕೂ ಹೆಚ್ಚುಕಮ್ಮಿ ಹೊಂದುತ್ತದೆ, ಯಾಕೆಂದರೆ ಎಲ್ಲಕ್ಕೂ ಹುಳಿ ಮಣ್ಣೇ ಬೇಕು.

ಅಂದಹಾಗೆ ಇಕ್ಸೋರಾ ಅನ್ನುವ ಹೆಸರು ಬಂದದ್ದೇ ಈಶ್ವರ ಅನ್ನುವ ಮಾತನ್ನು ಪೋರ್ಚುಗೀಸರು ಹೇಳುತ್ತಿದ್ದ ರೀತಿಯಿಂದ. ಗಿಡದ ಪೂರ್ತಿ ಹೆಸರನ್ನು ಲಿನೇಯಸ್ ಪ್ರಕಟಿಸಿದ್ದು 1753ರಲ್ಲಿ. ಕಾಫಿಯೂ ಕೇಪಳವೂ ಒಂದೇ ಕುಟುಂಬ. ಎದುರುಬದುರು ಜೋಡಿ ಎಲೆ, ಆ ಜೋಡಿಯ ನಡುವೆ ಗಿಣ್ಣಿನಲ್ಲಿ ಒಂದು ಸಣ್ಣ ಮುಳ್ಳಿನಂಥ ಮೊನೆ, ಎರಡರಲ್ಲೂ ಇದನ್ನು ನೋಡಬಹುದು.

ಯಾವ ಎಲೆ ಹಳದಿ? ಎಲ್ಲ ಇದರಲ್ಲೇ ಇದೆ

"ಎಲೆ ಹಳದಿ ಆಗಿದೆ, ಏನು ಹಾಕಲಿ?" ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ಯಾವ ಎಲೆ ಎಂದು ಮೊದಲು ನೋಡಬೇಕು. ತುದಿಯ ಹೊಸ ಎಲೆಯೋ, ಕೆಳಗಿನ ಹಳೆ ಎಲೆಯೋ?

ಇದಕ್ಕೆ ಕಾರಣ ಇದೆ. ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಇವೆಲ್ಲ ಗಿಡದ ಒಳಗೆ ಓಡಾಡುತ್ತವೆ. ಕೊರತೆ ಬಂದರೆ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ತಾಯಿ ತನ್ನ ತಟ್ಟೆಯದ್ದನ್ನು ಮಗುವಿಗೆ ಹಾಕುವ ಹಾಗೆ. ಹಾಗಾಗಿ ಹಳೆ ಎಲೆ ಮೊದಲು ಹಳದಿ. ಕಬ್ಬಿಣ ಮತ್ತು ಮ್ಯಾಂಗನೀಸ್ ಹಾಗಲ್ಲ. ಒಂದು ಎಲೆಗೆ ಸೇರಿದ ಮೇಲೆ ಅಲ್ಲೇ ಕೂತುಬಿಡುತ್ತವೆ. ಬೇರಿನಿಂದ ಹೊಸದಾಗಿ ಬರದಿದ್ದರೆ ಚಿಗುರಿಗೆ ಏನೂ ಸಿಗುವುದಿಲ್ಲ. ಆಗ ಹೊಸ ಎಲೆ ಹಳದಿ, ಹಳೆ ಎಲೆ ಹಸಿರು.

ಒಂದು ಹೊಸ ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ನಡುವಿನ ನರ ಹಸಿರು, ಅದರಿಂದ ಕವಲೊಡೆದ ಸಣ್ಣ ನರಗಳೂ ಹಸಿರು, ಅವುಗಳ ನಡುವಿನ ಜಾಗ ಮಾತ್ರ ನಿಂಬೆಹಣ್ಣಿನ ಬಣ್ಣ. ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಮೀನಿನ ಮುಳ್ಳು ಹೊಲಿದ ಹಾಗೆ. ಇದೇ ಕಬ್ಬಿಣದ ಕೊರತೆಯ ಗುರುತು. ಜೋರಾದರೆ ನರವೂ ಬಿಳಿಚಿ ಎಲೆ ಪೂರ್ತಿ ಕೆನೆಬಣ್ಣಕ್ಕೆ ಬಂದು, ಬಿಸಿಲಿಗೆ ಅಂಚು ಸುಡುತ್ತದೆ. ಮ್ಯಾಂಗನೀಸ್ ಕೊರತೆಯೂ ಹೀಗೇ ಕಾಣುತ್ತದೆ, ಕಾರಣವೂ ಹೆಚ್ಚಾಗಿ ಒಂದೇ, ಹಾಗಾಗಿ ಮನೆಯಲ್ಲಿ ಅವೆರಡನ್ನು ಬೇರೆ ಮಾಡಲು ಹೋಗಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಮುಖ್ಯವಾದ ಮಾತು. ಕಬ್ಬಿಣದ ಕೊರತೆ ಅಂದ ತಕ್ಷಣ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದು ಅರ್ಥ ಅಲ್ಲ. ಬೆಂಗಳೂರಿನ ಕೆಮ್ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಕಬ್ಬಿಣ ಇದೆ, ಆದರೆ ಬೇರಿಗೆ ಸಿಗುತ್ತಿಲ್ಲ. ಮಣ್ಣಿನ ಹುಳಿ ಕಡಿಮೆಯಾಗಿ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 7 ದಾಟಿತು ಅಂದರೆ ಕಬ್ಬಿಣ ತುಕ್ಕಿನ ರೂಪದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಕೇಪಳ ಹುಟ್ಟಿ ಬೆಳೆದದ್ದು ಪಿಎಚ್ 5ರಿಂದ 6ರ ಸುಮಾರಿನ ಹುಳಿ ಮಣ್ಣಿನಲ್ಲಿ. ಗಟ್ಟಿಯಾಗಿ ಕೂತ ಕಬ್ಬಿಣವನ್ನು ಬಿಡಿಸಿಕೊಳ್ಳುವ ಚಾಕಚಕ್ಯತೆ ಅದಕ್ಕೆ ಕಡಿಮೆ. ದಾಸವಾಳ, ಕಣಗಿಲೆ ಹೇಗೋ ಸಂಭಾಳಿಸುವ ಮಣ್ಣಿನಲ್ಲಿ ಇದು ಸೋಲುತ್ತದೆ.

ಹುಳಿ ಕಳೆದದ್ದು ಯಾರು?

ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಸಾವಿರಾರು ವರ್ಷಗಳಿಂದ ಆ ಮಳೆ ಮಣ್ಣಿನ ಸುಣ್ಣದಂಶವನ್ನೆಲ್ಲ ತೊಳೆದು ಸಮುದ್ರಕ್ಕೆ ಒಯ್ದಿದೆ. ಉಳಿದದ್ದು ಚಿರೆಕಲ್ಲು ಮತ್ತು ಹುಳಿ ಮಣ್ಣು. ಬೆಂಗಳೂರಿನ ಮಳೆ ಸಾವಿರ ಮಿಲಿಮೀಟರ್ ಆಸುಪಾಸು, ಅದೂ ನಮ್ಮ ಕುಂಡಗಳು ಸೂರಿನ ಕೆಳಗಿದ್ದರೆ ಅದೂ ಇಲ್ಲ. ಅವಕ್ಕೆ ಸಿಗುವುದು ಬೋರ್‌ವೆಲ್ ನೀರು.

ಆ ನೀರಿನಲ್ಲಿ ಸುಣ್ಣ ಎಷ್ಟಿದೆ ಎಂದು ತಿಳಿಯಲು ಯಾವ ಪ್ರಯೋಗಾಲಯವೂ ಬೇಡ. ಸ್ನಾನದ ಮನೆಯ ನಲ್ಲಿಯ ಬಾಯಿ ನೋಡಿ. ಬಕೆಟ್ಟಿನ ಒಳಗಡೆ ನೋಡಿ. ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬಿಳಿ ಪದರ ಕಟ್ಟಿದ್ದರೆ ಅದೇ ಸುಣ್ಣ ನಿಮ್ಮ ಕುಂಡದಲ್ಲೂ ಕಟ್ಟುತ್ತಿದೆ. ಕುಂಡದ ಅಂಚಿನಲ್ಲಿ, ತಳದ ತೂತಿನ ಸುತ್ತ ಬಿಳಿ ಪುಡಿ ಕಾಣಿಸಿದರೆ ಇನ್ನು ಸಂಶಯವೇ ಬೇಡ. ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಸುಣ್ಣದಂಶ ಇದೆ ಅಂದುಕೊಳ್ಳಿ. ದಿನಕ್ಕೆ ಒಂದೇ ಲೀಟರ್ ಹಾಕಿದರೂ ವರ್ಷಕ್ಕೆ 100 ಗ್ರಾಮಿಗಿಂತ ಜಾಸ್ತಿ ಸುಣ್ಣ ಆ ಒಂದು ಕುಂಡಕ್ಕೆ ಸೇರಿತು. ಕೈಯಾರೆ ಒಂದು ಹಿಡಿ ಸುಣ್ಣ ತಂದು ಕೇಪಳದ ಬುಡಕ್ಕೆ ಯಾರಾದರೂ ಹಾಕುತ್ತೀರಾ? ಇಲ್ಲ ಅಲ್ವಾ? ಆದರೆ ನೀರಿನಲ್ಲಿ ಬೆರೆಸಿ ಹಾಕುತ್ತಿದ್ದೇವೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೂ ಆದೀತು ಎಂದಿದೆ. ಅಂದರೆ ನಿಮಗೆ ಕುಡಿಯಲು ನಡೆಯುವ ನೀರು ಕೇಪಳಕ್ಕೆ ನಡೆಯಬೇಕೆಂದೇನೂ ಇಲ್ಲ.

ನನ್ನ ತಪ್ಪು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಇತ್ತು. ನೀರು ಹಾಳು ಮಾಡಬಾರದು ಎಂದು ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಿದ್ದೆ. ಯಂತ್ರ ಒಳ್ಳೆಯ ನೀರನ್ನು ನಮಗೆ ಕೊಟ್ಟು, ಉಪ್ಪು ಸುಣ್ಣ ಎಲ್ಲವನ್ನೂ ಆ ಹೊರಗಿನ ನೀರಿಗೇ ದೂಡುತ್ತದೆ. ಬೋರ್‌ವೆಲ್ ನೀರಿಗಿಂತ ಗಟ್ಟಿ ನೀರು ಅದು. ಆ ನೀರಿನಿಂದ ನೆಲ ಒರೆಸಿ, ಶೌಚಾಲಯಕ್ಕೆ ಹಾಕಿ, ಆದರೆ ಕೇಪಳಕ್ಕೆ ಹಾಕಲೇಬೇಡಿ. ಅಪಾರ್ಟ್‌ಮೆಂಟಿನಲ್ಲಿ ನೀರು ಮೆದು ಮಾಡುವ ಸಾಫ್ಟ್‌ನರ್ ಇದ್ದರೆ ಆ ನೀರೂ ಬೇಡ. ಅದರಲ್ಲಿ ಸುಣ್ಣದ ಬದಲು ಸೋಡಿಯಂ ಇರುತ್ತದೆ, ಬೇರಿಗೆ ಅದು ಇನ್ನೂ ಕೆಟ್ಟದ್ದು.

ನೀರಲ್ಲದೆ ಇನ್ನೂ ಮೂರು ಕಡೆ ನೋಡಿ. ಗಿಡ ನೆಲದಲ್ಲಿದ್ದರೆ ಮನೆ ಕಟ್ಟಿದಾಗಿನ ಗಾರೆ, ಸಿಮೆಂಟ್ ಚೂರು ಬುಡದಲ್ಲಿ ಹೂತಿದೆಯಾ? ಕಾಂಪೌಂಡಿಗೆ ಅಂಟಿಕೊಂಡು ನೆಟ್ಟ ಸಾಲಿನಲ್ಲಿ ಗೋಡೆ ಕಡೆಯ ಕೊಂಬೆಗಳೇ ಜಾಸ್ತಿ ಹಳದಿ ಇದ್ದರೆ ಇದೇ ಕಾರಣ. ಎರಡನೆಯದು ಒಲೆಬೂದಿ. ಮೂರನೆಯದು ಮೊಟ್ಟೆಯ ಚಿಪ್ಪು. ಇವೆರಡೂ ಗಿಡಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಟೊಮೆಟೊಗೆ ಒಳ್ಳೆಯದೂ ಇರಬಹುದು, ಆದರೆ ಎರಡೂ ಹುಳಿ ಕಳೆಯುವ ವಸ್ತುಗಳೇ. ಕೇಪಳದಿಂದ ದೂರ ಇಡಿ.

ಪರೀಕ್ಷೆ ಮಾಡಿಯೇ ಮುಂದೆ ಹೋಗಿ

ಕುಂಡದ ಮೇಲಿನ ಒಣ ಮಣ್ಣು ಒಂದು ಚಮಚ ತೆಗೆದು ಅದರ ಮೇಲೆ ವಿನೆಗರ್ ಹನಿಸಿ. ನೊರೆ ನೊರೆಯಾಗಿ ಗುಳ್ಳೆ ಬಂದರೆ ಸುಣ್ಣ ಇದೆ. ಗುಳ್ಳೆ ಬರಲಿಲ್ಲ ಅಂದರೆ ಮಣ್ಣು ಹುಳಿಯಾಗಿದೆ ಎಂದೇನೂ ಅಲ್ಲ, ಹಾಗಾಗಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಪಟ್ಟಿ ತಂದುಕೊಳ್ಳಿ. ಒಂದು ಪಾಲು ಮಣ್ಣಿಗೆ ಎರಡು ಪಾಲು ಮಳೆನೀರು ಅಥವಾ ಆರ್‌ಓದ ಕುಡಿಯುವ ನೀರು ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯಲ್ಲಿ ಪಟ್ಟಿ ಅದ್ದಿ. ನನ್ನ ಕುಂಡದ್ದು 8 ತೋರಿಸಿತು. ಆಯಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಕಳಿಸಿದ ಬೇಣದ ಮಣ್ಣು 5ಕ್ಕೂ 6ಕ್ಕೂ ನಡುವೆ ನಿಂತಿತು. ಎರಡು ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗ, ಒಂದು ಹಸಿರು ನೀಲಿ, ಇನ್ನೊಂದು ಕಿತ್ತಳೆ ಹಳದಿ, ಅವಳ ಮಾತು ನನಗೆ ಅರ್ಥವಾಯಿತು. ಬೇಣದ ಗಿಡಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ ಅನ್ನುವುದು ನಿಜ, ಆದರೆ ಅದಕ್ಕೆ ಯಾರೂ ಸುಣ್ಣವನ್ನೂ ಹಾಕುವುದಿಲ್ಲ.

ಇನ್ನೊಂದು ಪರೀಕ್ಷೆ ಇದೆ, ಅದು ನನಗೆ ಬಹಳ ಇಷ್ಟ. ಒಂದೇ ಅಳತೆಯ ಎರಡು ಹಳದಿ ಗಿಡ ಇದ್ದರೆ ಒಂದಕ್ಕೆ ಎಂದಿನ ನೀರು, ಇನ್ನೊಂದಕ್ಕೆ ಎಸಿಯಿಂದ ತೊಟ್ಟಿಕ್ಕುವ ನೀರು ಅಥವಾ ಹಿಡಿದಿಟ್ಟ ಮಳೆನೀರು ಮಾತ್ರ ಹಾಕಿ. ಬೇರೇನೂ ಬದಲಾಯಿಸಬೇಡಿ. ಆರು ವಾರದಲ್ಲಿ ಎರಡನೆಯದರ ಹೊಸ ಚಿಗುರು ಮೊದಲಿನದಕ್ಕಿಂತ ಹಸಿರಾಗಿ ಬಂದರೆ ಅಪರಾಧಿ ನೀರೇ. ಒಂದೇ ಗಿಡ ಇದ್ದವರು ಮಳೆಗಾಲ ನೆನಪು ಮಾಡಿಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಾನಾಗಿ ಹಸಿರಾಗಿ, ಫೆಬ್ರವರಿ ಹೊತ್ತಿಗೆ ಮತ್ತೆ ಹಳದಿ ಆಗುತ್ತಿದೆಯಾ? ಹಾಗಿದ್ದರೆ ಮಳೆಯೇ ಈ ಪರೀಕ್ಷೆ ಮಾಡಿ ತೋರಿಸಿದೆ.

ಸರಿಪಡಿಸುವುದು

ಮೊದಲು ನೀರು ಬದಲಿಸಿ. ಇದು ಮಾಡದೆ ಮುಂದಿನದ್ದು ಯಾವುದೂ ನಿಲ್ಲುವುದಿಲ್ಲ. ನಾನು ಮೊದಲ ವರ್ಷ ಕಬ್ಬಿಣ ಸಿಂಪಡಿಸಿದೆ, ಗಿಡ ಮೂರು ವಾರ ಹಸಿರಾಯಿತು, ಖುಷಿಪಟ್ಟೆ, ಆಮೇಲೆ ಬಂದ ಚಿಗುರು ಮತ್ತೆ ಹಳದಿ. ಮತ್ತೆ ಸಿಂಪಡಿಸಿದೆ. ಮತ್ತೆ ಅದೇ ಕತೆ. ಬೇರು ಸುಣ್ಣದಲ್ಲೇ ಕೂತಿತ್ತು.

ಮಳೆನೀರು, ಎಸಿ ನೀರು ಸಿಗದಿದ್ದರೆ ಕಾವೇರಿ ನೀರು ಬೋರ್‌ವೆಲ್ಲಿಗಿಂತ ವಾಸಿ. ಅದೂ ಇಲ್ಲವಾದರೆ ಬೋರ್‌ವೆಲ್ ನೀರನ್ನೇ ಸ್ವಲ್ಪ ಹುಳಿ ಮಾಡಿ. ಹತ್ತು ಲೀಟರಿಗೆ ಅರ್ಧ ಟೀ ಚಮಚ, ಅಂದರೆ ಸುಮಾರು 2 ಗ್ರಾಂ, ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೂ ಕೊಡುತ್ತಾರೆ. ಜಾಸ್ತಿ ಹಾಕಿದರೆ ಬೇಗ ಗುಣವಾಗುತ್ತದೆ ಎಂದು ಅಳತೆ ಮೀರಬೇಡಿ, ಬೇರು ಸುಡುತ್ತದೆ. ಕುಂಡದ ಬುಡಕ್ಕೆ ನಿಂಬೆಹಣ್ಣು ಹಿಂಡುವುದು, ಹುಣಸೆ ಗಸಿ ಹಾಕುವುದು ಇವೆಲ್ಲ ಬೇಡ, ಅಳತೆ ಸಿಗುವುದಿಲ್ಲ, ಇರುವೆಯೂ ಮುತ್ತುತ್ತದೆ.

ಆಮೇಲೆ ತೊಳೆಯುವುದು. ಮಳೆನೀರು ಹಿಡಿದಿಟ್ಟು, ಕುಂಡದ ಅಳತೆಯ ಮೂರರಷ್ಟು ನೀರನ್ನು ನಿಧಾನಕ್ಕೆ ಹಾಕಿ ತಳದಿಂದ ಹರಿದುಹೋಗಲು ಬಿಡಿ. ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆಯಿರಿ. ಮೇಲಿನ ಎರಡು ಇಂಚು ಮಣ್ಣನ್ನು ಬೇರಿಗೆ ಪೆಟ್ಟಾಗದ ಹಾಗೆ ಕೆರೆದು ತೆಗೆದು ಚೆನ್ನಾಗಿ ಕೊಳೆತ ಎಲೆಗೊಬ್ಬರ ತುಂಬಿ. ಅದರ ಮೇಲೆ ತರಗೆಲೆ ಹೊದಿಸಿ. ಬೇಣದಲ್ಲಿ ಅದರ ಬುಡದಲ್ಲಿ ಯಾವಾಗಲೂ ತರಗೆಲೆ ಇರುತ್ತದೆ. ಪಿಎಚ್ 7.5 ದಾಟಿದ್ದರೆ ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಟೀ ಚಮಚ ಗಂಧಕದ ಪುಡಿ ಮೇಲ್ಮಣ್ಣಿಗೆ ಬೆರೆಸಬಹುದು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಆಮ್ಲ ಮಾಡುತ್ತವೆ. ಎರಡು ಮೂರು ತಿಂಗಳ ಕೆಲಸ ಅದು, ಹದಿನೈದು ದಿನಕ್ಕೊಮ್ಮೆ ಹಾಕುವಂಥದ್ದಲ್ಲ.

ಇಷ್ಟಾದ ಮೇಲೆ ಕಬ್ಬಿಣ. ಇದು ತುರ್ತು ಚಿಕಿತ್ಸೆ. ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಹರಳು ತಿಳಿಹಸಿರಾಗಿರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ತರಬೇಡಿ, ಅದು ಆಗಲೇ ಕೆಟ್ಟಿದೆ. ಲೀಟರ್ ನೀರಿಗೆ 3 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್, ಎರಡು ಹನಿ ಶಾಂಪೂ. ಕಲಸಿದ ಕೂಡಲೇ ಸಂಜೆ ಹೊತ್ತಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕೆಳಗೆ ಹಳೆ ಪೇಪರ್ ಹಾಸಿ. ಇದನ್ನು ಸುಣ್ಣದ ಮಣ್ಣಿಗೆ ಸುರಿದರೆ ಪ್ರಯೋಜನ ಇಲ್ಲ, ಕೆಲವೇ ದಿನದಲ್ಲಿ ಅದೂ ಗಟ್ಟಿಯಾಗುತ್ತದೆ. ಮಣ್ಣಿಗೇ ಹಾಕಬೇಕೆಂದರೆ ಚಿಲೇಟೆಡ್ ಕಬ್ಬಿಣ ಬೇಕು, ಅಂದರೆ ಗಟ್ಟಿಯಾಗದ ಹಾಗೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟುಕೊಂಡ ಕಬ್ಬಿಣ. ಅದರಲ್ಲೂ ಪ್ಯಾಕೆಟ್ ತಿರುಗಿಸಿ ಓದಿ. ಹಿಡಿದಿಡುವ ರಾಸಾಯನಿಕ ಇಡಿಟಿಎ ಆಗಿದ್ದರೆ ಪಿಎಚ್ 6.5ರ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಇಡಿಡಿಎಚ್‌ಎ ಎಂದು ಬರೆದಿದ್ದರೆ ಸುಣ್ಣದ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ಬೆಲೆ ಜಾಸ್ತಿ, ನೀರಿಗೆ ಹಾಕಿದರೆ ಬೀಟ್ರೂಟ್ ರಸದ ಬಣ್ಣ ಬರುತ್ತದೆ.

ಈಗಾಗಲೇ ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡಿ ಬೇಸರಪಡಬೇಡಿ. ನೀವು ನೋಡಬೇಕಾದದ್ದು ಇನ್ನು ಮುಂದೆ ಬರುವ ಎಲೆಜೋಡಿ. ಒಂದು ಕೊಂಬೆಗೆ ದಾರ ಕಟ್ಟಿ ಗುರುತು ಮಾಡಿಕೊಳ್ಳಿ, ದಾರದ ಮೇಲೆ ಬಂದ ಎಲೆ ಮಾತ್ರ ಲೆಕ್ಕಕ್ಕೆ.

ಹಳೆ ಎಲೆಯ ಹಳದಿ, ಚುಕ್ಕೆ

ಕೆಳಗಿನ ಒಂದೆರಡು ಎಲೆ ಹಳದಿಯಾಗಿ ಉದುರಿದರೆ ಅದು ವಯಸ್ಸು, ಬಿಡಿ. ಕೆಳಗಿನ ಎಲೆಗಳೆಲ್ಲ ನರವೂ ಸೇರಿ ಒಂದೇ ಸಮ ಬಿಳಿಚಿದರೆ ಸಾರಜನಕ ಸಾಲದು, ಹಟ್ಟಿಗೊಬ್ಬರ ಅಥವಾ ನೆನೆಸಿದ ಕಡಲೆಹಿಂಡಿ ಸಾಕು. ಹಳೆ ಎಲೆಯ ಮೇಲೆ ನೇರಳೆಗೆಂಪು ಚುಕ್ಕೆಗಳು ಚದುರಿದ ಹಾಗೆ ಬಂದರೆ ಬಹಳ ಜನ ಅದನ್ನು ಬೂಷ್ಟು ರೋಗ ಅಂದುಕೊಂಡು ಔಷಧ ಹೊಡೆಯುತ್ತಾರೆ. ಕೇಪಳದಲ್ಲಿ ಅದು ಹೆಚ್ಚಾಗಿ ಪೊಟ್ಯಾಶ್ ಕೊರತೆ. ಹೊಸ ಎಲೆ ಶುಭ್ರವಾಗಿದ್ದು ಹಳೆಯದರಲ್ಲಿ ಮಾತ್ರ ಚುಕ್ಕೆ ಇದ್ದರೆ ಔಷಧದ ಡಬ್ಬಿ ಒಳಗಿಟ್ಟು ಸ್ವಲ್ಪ ಪೊಟ್ಯಾಶಿಯಂ ಸಲ್ಫೇಟ್ ಕೊಡಿ.

ಡಿಸೆಂಬರ್ ಜನವರಿಯ ಚಳಿಗೆ ಎಲೆ ಕಂಚಿನ ಬಣ್ಣಕ್ಕೆ ತಿರುಗುವುದೂ ಉಂಟು. ಕರಾವಳಿಯ ಗಿಡ, ಚಳಿ ಅದಕ್ಕೆ ಒಗ್ಗುವುದಿಲ್ಲ. ಆಗ ಬೇರು ಏನನ್ನೂ ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಗೊಬ್ಬರ ಹಾಕಿದರೆ ದಂಡ. ಶಿವರಾತ್ರಿ ಕಳೆಯಲಿ.

ಮಣ್ಣು ಒದ್ದೆ, ಗಿಡ ಮಾತ್ರ ಬಾಡಿದೆ

ಇದು ಅಪಾಯದ ಸೂಚನೆ, ತಡ ಮಾಡಬೇಡಿ. ಎಲೆ ಬಾಡಿದ್ದು ಕಂಡ ತಕ್ಷಣ ನೀರು ಹಾಕುವವರು ಗಿಡ ಕೊಲ್ಲುತ್ತಾರೆ, ನನ್ನ ಮೊದಲ ಗಿಡ ಹೋದದ್ದು ಹಾಗೇ. ಮೊದಲು ಬೆರಳನ್ನು ಎರಡು ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಹಾಕಿ, ಸಂಜೆಯೊಳಗೆ ಎದ್ದುನಿಲ್ಲುತ್ತದೆ. ಒದ್ದೆ ಇದ್ದೂ ಬಾಡಿದ್ದರೆ ಕುಂಡ ಮಗುಚಿ ಬೇರು ನೋಡಿ. ಒಳ್ಳೆಯ ಬೇರು ತಿಳಿಕಂದು, ಎಳೆದರೆ ಗಟ್ಟಿ. ಕೊಳೆತದ್ದು ಕಪ್ಪಗೆ, ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ತೆಳ್ಳಗಿನ ದಾರ ಉಳಿಯುತ್ತದೆ, ಚರಂಡಿ ವಾಸನೆ. ಕೊಳೆತದ್ದೆಲ್ಲ ಕತ್ತರಿಸಿ, ಮೇಲಿನ ಕೊಂಬೆಯನ್ನೂ ಮೂರರಲ್ಲಿ ಒಂದು ಪಾಲು ಕತ್ತರಿಸಿ, ಬೇರಿನ ಗಾತ್ರಕ್ಕೆ ತಕ್ಕ ಸಣ್ಣ ಕುಂಡಕ್ಕೆ ಹಾಕಿ. ದೊಡ್ಡ ಕುಂಡದಲ್ಲಿ ಸಣ್ಣ ಗಿಡ ಇಟ್ಟರೆ ಮಣ್ಣು ಒಣಗುವುದೇ ಇಲ್ಲ, ಕೊಳೆ ಶುರುವಾಗುವುದೇ ಅಲ್ಲಿಂದ.

ಮಣ್ಣಿನ ಮಿಶ್ರಣ ನನ್ನದು ಹೀಗೆ: ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ಎಲೆಗೊಬ್ಬರ, ಒಂದು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ಚಿರೆಕಲ್ಲಿನ ಚೂರು. ಚಿರೆಕಲ್ಲು ಊರಿಗೆ ಹೋದಾಗ ತರುತ್ತೇನೆ, ಸಿಗದವರು ದಪ್ಪ ಮರಳು ಹಾಕಿ. ಕಟ್ಟಡದ ಜಲ್ಲಿಪುಡಿಯಲ್ಲಿ ಸಿಮೆಂಟ್ ಸೇರಿರುತ್ತದೆ, ಅದು ಬೇಡ. ಬೇರಿನಲ್ಲಿ ಕೊಳೆ ಇಲ್ಲದೆ ಗಂಟುಗಂಟು ಕಂಡರೆ ಅದು ಜಂತುಹುಳದ ಕಾಟ. ಆ ಮಣ್ಣನ್ನು ಬೇರೆ ಕುಂಡಕ್ಕೆ ಸೇರಿಸಬೇಡಿ.

ಎಲೆಯ ಮೇಲೆ ಮಸಿ

ಒದ್ದೆ ಹತ್ತಿಯಿಂದ ಒರೆಸಿ. ಮಸಿ ಹತ್ತಿಗೆ ಬಂದು ಕೆಳಗೆ ಹಸಿರು ಎಲೆ ಕಂಡರೆ ಎಲೆಗೆ ರೋಗ ಇಲ್ಲ. ಆ ಕಪ್ಪು ಬೂಷ್ಟು ಬೆಳೆಯುವುದು ಅಂಟು ಸಿಹಿಯ ಮೇಲೆ, ಆ ಸಿಹಿ ಸುರಿಸುವುದು ಮೇಲಿನ ಎಲೆಗಳ ಅಡಿಯಲ್ಲಿ ಕೂತ ಹೇನು, ಬಿಳಿ ತಿಗಣೆ ಅಥವಾ ಶಲ್ಕ ಕೀಟ. ಶಲ್ಕ ಕೀಟ ಕೀಟದ ಹಾಗೆ ಕಾಣುವುದೇ ಇಲ್ಲ, ಕಾಂಡದ ಮೇಲೆ ಕಂದು ಬೊಕ್ಕೆ ಎದ್ದ ಹಾಗಿರುತ್ತದೆ. ಉಗುರಿನಿಂದ ಎಬ್ಬಿಸಿ, ಕಳಚಿ ಬಂದರೆ ಅದೇ. ಇರುವೆ ಸಾಲು ಕಾಂಡ ಹತ್ತುತ್ತಿದ್ದರೆ ಇನ್ನೂ ಖಾತ್ರಿ. ಇರುವೆ ಆ ಸಿಹಿಗಾಗಿ ಅವುಗಳನ್ನು ಕಾಯುತ್ತದೆ.

ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ ತೆಗೆದು, ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು ಬೆರೆಸಿ ವಾರಕ್ಕೊಮ್ಮೆ ಮೂರು ಸಲ ಹೊಡೆಯಿರಿ. ಸಂಜೆಯೇ ಹೊಡೆಯಿರಿ, ಹೂವಿನ ಮೇಲೆ ಬೇಡ. ಕೇಪಳದ ಉದ್ದ ಕೊಳವೆ ಚಿಟ್ಟೆಗಳಿಗಾಗಿಯೇ ಇರುವುದು. ಊರಿನಲ್ಲಿ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇದರ ಮೇಲೆ ರೆಕ್ಕೆ ಬಡಿಯುತ್ತಲೇ ನಿಂತು ಹೀರುವುದನ್ನು ನೋಡಿದವರಿಗೆ ಗೊತ್ತು, ಈ ಗಿಡಕ್ಕೆ ಗಟ್ಟಿ ಕೀಟನಾಶಕ ಹೊಡೆಯಲು ಕೈ ಬರುವುದಿಲ್ಲ.

ಎಲೆ ಸೊಂಪು, ಹೂವಿಲ್ಲ

ಮೂರು ಪ್ರಶ್ನೆ. ಬಿಸಿಲು ಎಷ್ಟು ಹೊತ್ತು? ದಿನಕ್ಕೆ ಐದು ಗಂಟೆಗಿಂತ ಕಡಿಮೆ ಇದ್ದರೆ ಜಾಗ ಬದಲಿಸಿ. ಹುಲ್ಲುಹಾಸಿಗೆ ಹಾಕುವ ಯೂರಿಯಾ ಇದಕ್ಕೂ ಸಿಗುತ್ತಿದೆಯಾ? ನಿಲ್ಲಿಸಿ. ಮೂರನೆಯದು ಕತ್ತರಿ. ಕೇಪಳದ ಗೊಂಚಲು ಬರುವುದು ಚಿಗುರಿನ ತುತ್ತತುದಿಯಲ್ಲಿ. ಬೇಲಿ ಮಾಡಿ ತಿಂಗಳಿಗೊಮ್ಮೆ ಮೇಲೆ ಸಮ ಮಾಡುತ್ತಾ ಹೋದರೆ ಪ್ರತಿ ಸಲವೂ ಬರಬೇಕಾದ ಮೊಗ್ಗನ್ನೇ ಕತ್ತರಿಸಿದ ಹಾಗೆ. ನಾವಿದ್ದ ಹಿಂದಿನ ವಠಾರದಲ್ಲಿ ಕೇಪಳದ ಬೇಲಿ ನಾಲ್ಕು ವರ್ಷ ಒಂದು ಹೂವೂ ಬಿಡದೆ ಇದ್ದದ್ದು ಇದೇ ಕಾರಣಕ್ಕೆ. ತೋಟದ ಕೆಲಸ ನೋಡುವ ಅಣ್ಣನ ಹತ್ತಿರ ಮಾತಾಡಿ ಮೂರು ತಿಂಗಳು ಕತ್ತರಿ ಆಡಿಸದಂತೆ ಕೇಳಿಕೊಂಡೆವು, ಬೇಲಿ ಪೂರ್ತಿ ಕೆಂಪಾಯಿತು. ಗೊಂಚಲು ಬಾಡಿದ ಮೇಲೆ ಅದರ ಕೆಳಗಿನ ಎಲೆಜೋಡಿಯ ಮೇಲೆ ಕತ್ತರಿಸಿ. ಜೋಡಿಯ ಎರಡೂ ಬಗಲಿನಿಂದ ಒಂದೊಂದು ಚಿಗುರು ಬಂದು, ಒಂದು ಗೊಂಚಲು ಇದ್ದಲ್ಲಿ ಎರಡಾಗುತ್ತದೆ. ಬೀಜದಿಂದ ಎದ್ದ ಗಿಡವಾದರೆ ಕೆಲವು ವರ್ಷ ಕಾಯಲೇಬೇಕು.

ಮೊಗ್ಗು ಬಂದು ಅರಳದೆ ಉದುರುತ್ತಿದ್ದರೆ ಮಾರ್ಚ್ ಏಪ್ರಿಲ್‌ನಲ್ಲಿ ಕುಂಡ ಒಂದು ದಿನ ಪೂರ್ತಿ ಒಣಗಿರಬಹುದು. ಅಷ್ಟೇ ಸಾಕು ಅದಕ್ಕೆ.

ಊರಿಂದ ತರುವುದಾದರೆ

ಬೇಣದ ದೊಡ್ಡ ಗಿಡ ಅಗೆದು ತರಬೇಡಿ. ಚಿರೆಕಲ್ಲಿನ ಸಂದಿಗೆ ಇಳಿದ ತಾಯಿಬೇರು ಕತ್ತರಿಸದೆ ಬರುವುದೇ ಇಲ್ಲ, ಬಂದ ಗಿಡ ಬಸ್ಸಿನಲ್ಲೇ ಬಾಡುತ್ತದೆ. ನನ್ನ ಎರಡನೆಯ ಗಿಡ ಹಾಗೇ ಹೋಯಿತು. ಜೂನ್ ಜುಲೈ ಮಳೆಯಲ್ಲಿ ಪೆನ್ಸಿಲ್ ದಪ್ಪದ, ತೀರಾ ಎಳಸೂ ಅಲ್ಲದ ಬಲಿತೂ ಇಲ್ಲದ ಕೊಂಬೆ ಗೇಣುದ್ದ ಕತ್ತರಿಸಿ, ತುದಿಯ ಒಂದು ಜೋಡಿ ಎಲೆ ಬಿಟ್ಟು ಉಳಿದದ್ದು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಕೋಕೋಪೀಟ್ ಮರಳಿನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಕೊಟ್ಟೆ ಮುಚ್ಚಿ ನೆರಳಿನಲ್ಲಿಡಿ. ಬೇರು ಬರಲು ಆರರಿಂದ ಎಂಟು ವಾರ. ಹತ್ತು ಊರಿದರೆ ನನಗೆ ನಾಲ್ಕೈದು ಹತ್ತುತ್ತವೆ. ಜೊತೆಗೆ ಎರಡು ಹಿಡಿ ಬುಡದ ಮಣ್ಣು ತನ್ನಿ, ಪಿಎಚ್ ಪಟ್ಟಿ ಅದ್ದಿ ನೋಡಿ, ನಿಮ್ಮ ಕುಂಡ ಎಲ್ಲಿಗೆ ತಲುಪಬೇಕು ಎಂದು ಅದು ಹೇಳುತ್ತದೆ.

ನನ್ನ ಮೂರನೆಯ ಗಿಡಕ್ಕೆ ಈಗ ಎಸಿ ನೀರು ಮತ್ತು ಮಾಳಿಗೆಯ ಡ್ರಮ್ಮಿನ ಮಳೆನೀರು ಮಾತ್ರ. ಹೋದ ವಾರ ಪಟ್ಟಿ 6 ತೋರಿಸಿತು. ಬೇಸಿಗೆಗೆ ಡ್ರಮ್ ಖಾಲಿಯಾದಾಗ ನಿಂಬೆ ಉಪ್ಪಿನ ನೀರು ಶುರು ಮಾಡುತ್ತೇನೆ.